ಆಟದ ಇಟ್ಟಿಗೆಯೂ ಶುದ್ಧಿಯ ವಿಚಾರವೂ

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿದ ಲೆಗೋ ಸಂಸ್ಥೆಯ ಪ್ಲಾಸ್ಟಿಕ್ ಇಟ್ಟಿಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುವಂಥವು. ಅವುಗಳಿಂದ ಮನೆ, ಸೇತುವೆ, ಹಡಗುಗಳನ್ನು ಕಟ್ಟುವುದು ಇಂದು ಮಕ್ಕಳಿಗೆ ಆಟವಾಗಿರುವಂತೆ ಅನೇಕ ಪ್ರೌಢರಿಗೆ ಕಲೆಯೂ ಆಗಿದೆ. ಅನ್ಯ ಸಂಸ್ಥೆಯ ಒಂದು ತುಂಡು ಸೇರಿದರೂ, ಇಟ್ಟಿಗೆಯೊಂದನ್ನು ಕತ್ತರಿಸಿದರೂ ಕೃತಿಯು ಅಶುದ್ಧವಾಯಿತೆಂದು ಇವರಲ್ಲಿ ಒಂದು ಪಕ್ಷದವರು ವಾದಿಸುವರು. ಇನ್ನೊಂದು ಪಕ್ಷಕ್ಕೆ ಕೃತಿಯ ಸೊಬಗೇ ಪ್ರಮಾಣ. ನ್ಯಾಯವು ಯಾರ ಕಡೆಗಿದೆ?

ಶುದ್ಧಿಯು ಮೂಲದಲ್ಲಿದೆಯೆಂದರೆ ಆ ವಾದವು ನಿಲ್ಲಲಾರದು. 1949ರಲ್ಲಿ ಲೆಗೋ ಹೊರತಂದ ಮೊದಲ ಇಟ್ಟಿಗೆಯೇ ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತನ ಕಿಡ್ಡಿಕ್ರಾಫ್ಟ್ ಇಟ್ಟಿಗೆಯನ್ನು ಅನುಸರಿಸಿದ್ದಿತು. ಒಳಗೆ ಕೊಳವೆಗಳನ್ನಿರಿಸಿ ಹಿಡಿತವನ್ನು ಬಲಪಡಿಸಿದ ಸುಧಾರಣೆಯು ಬಂದುದು 1958ರಲ್ಲಿ. ಇಟ್ಟಿಗೆಯ ಮೇಲಣ ಗುಬುಟುಗಳ ರೂಪವು ಅದರ ಕಾರ್ಯಕ್ಕೇ ಸೇರಿದುದಾದ್ದರಿಂದ ವ್ಯಾಪಾರಮುದ್ರೆಯಾಗಲಾರದೆಂದು 2005ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಹಾಗಾದರೆ ನಿಯಮವು ವ್ಯರ್ಥವೆ? ಎಂದಿಗೂ ಅಲ್ಲ. ಓಷ್ಠ್ಯಾಕ್ಷರಗಳನ್ನು ತೊರೆದು ಪದ್ಯ ರಚಿಸುವ ಕವಿಗೆ ಆ ಕಟ್ಟೇ ಬಲವಾಗುವಂತೆ, ಇರುವ ತುಂಡುಗಳಿಂದಲೇ ಸಾಧಿಸುವೆನೆಂಬ ಹಟವು ಬುದ್ಧಿಯನ್ನು ಹರಿತಗೊಳಿಸುವುದು. ಆದರೆ ವ್ರತವು ಅದನ್ನು ತೊಟ್ಟವನಿಗೆ ಮಾತ್ರ. ನೆರೆಯವನನ್ನು ಅದರಿಂದ ಅಳೆಯುವುದು ಸಲ್ಲದು. ಬೇಕಾದ ಕಮಾನು ದೊರೆಯದೆ ಅನ್ಯರ ತುಂಡನ್ನಿರಿಸಿ, ಕೇಳಿದವರಿಗೆ ಹಾಗೆಂದೇ ಹೇಳುವವನಲ್ಲಿ ದೋಷವಿಲ್ಲ. ಅದನ್ನೇ ಮರೆಮಾಚಿ, ಶುದ್ಧ ಲೆಗೋ ಎಂದು ಸಾರಿ ಸ್ಪರ್ಧೆಯಲ್ಲಿ ಬಹುಮಾನ ಪಡೆಯುವವನು ನಿಯಮವನ್ನು ಪಾಲಿಸಿದವನ ಶ್ರಮವನ್ನು ಕದಿಯುತ್ತಾನೆ. ಪರಕೀಯವಾದ ತುಂಡಿನಿಂದ ಕೃತಿಗೆ ಕಳಂಕವಿಲ್ಲ. ಸುಳ್ಳು ಹೇಳಿದರೆ ಕೃತಿಕಾರನಿಗೆ ಉಂಟು.