ಒಂದಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ನೋಡಲು ಯಾರೂ ಪಾತ್ರೆ ಬರಿದು ಮಾಡುವುದಿಲ್ಲ, ಒಂದಗುಳು ಹಿಚುಕುತ್ತಾರೆ. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯ ಎಂದರು. ಇಂಗ್ಲೆಂಡಿನ ಬ್ರೂಕ್ ಟೇಲರ್ 1715ರಲ್ಲಿ ಪ್ರಕಟಿಸಿದ ಸೂತ್ರದ ಧೈರ್ಯವೂ ಇಂಥದ್ದೇ. ವಕ್ರರೇಖೆಯ ಒಂದೇ ಬಿಂದುವಿನಲ್ಲಿ ನಿಂತು ಅದರ ಎತ್ತರ, ಏರುವ ವೇಗ, ಆ ವೇಗವೇ ಬದಲಾಗುವ ವೇಗ ಎಂದು ಅಳೆಯುತ್ತ ಹೋದರೆ, ದೂರದಲ್ಲಿ ರೇಖೆ ಎಲ್ಲಿದೆಯೆಂದು ಹೇಳಿಬಿಡಬಹುದು.

30 ಡಿಗ್ರಿಯ ಸೈನ್ ಬೇಕೆನ್ನಿ. ಮೊದಲು ಡಿಗ್ರಿಯನ್ನು ರೇಡಿಯನ್ ಮಾಡಿಕೊಳ್ಳಬೇಕು (ಇದನ್ನು ಮರೆತರೆ ಲೆಕ್ಕ ಅಲ್ಲೇ ಕೆಟ್ಟಿತು): 0.523599. ಅದರ ಘನವನ್ನು 6ರಿಂದ ಭಾಗಿಸಿ ಕಳೆದರೆ 0.499674. ಐದನೇ ಘಾತವನ್ನು 120ರಿಂದ ಭಾಗಿಸಿ ಕೂಡಿದರೆ 0.500002. ನಿಜವಾದ ಉತ್ತರ ಅರ್ಧ. ಸೊನ್ನೆಯ ಬಳಿ ಕೂತೇ ಇಷ್ಟು ಸಿಕ್ಕಿತು! ಕೇರಳದ ಮಾಧವನ ಪರಂಪರೆಗೆ ಈ ಶ್ರೇಣಿ ಟೇಲರನಿಗಿಂತ ಬಹಳ ಮೊದಲೇ ಗೊತ್ತಿತ್ತು.

ಗೆಲುವು ತಲೆಗೇರಿತು. 1797ರಲ್ಲಿ ಲಗ್ರಾಂಜ್ ಇಡೀ ಕಲನಶಾಸ್ತ್ರವನ್ನೇ ಇಂಥ ಶ್ರೇಣಿಗಳ ಮೇಲೆ ಕಟ್ಟಹೊರಟ. 1814ರಲ್ಲಿ ಲಾಪ್ಲಾಸ್, ಈ ಕ್ಷಣದ ಎಲ್ಲ ಬಲಗಳನ್ನೂ ವಸ್ತುಗಳ ನೆಲೆಯನ್ನೂ ಬಲ್ಲ ಬುದ್ಧಿಯೊಂದಕ್ಕೆ ಹಿಂದಿನದೂ ಮುಂದಿನದೂ ಕಣ್ಣೆದುರೇ ಇರುತ್ತದೆಂದು ವಾದಿಸಿದ. ಆ ವಾದ ನಿಂತದ್ದು ಚಲನೆಯ ನಿಯಮಗಳ ಮೇಲೆ, ಟೇಲರನ ಸೂತ್ರದ ಮೇಲಲ್ಲ. ಆಸೆ ಮಾತ್ರ ಒಂದೇ: ತಪಸ್ಸಿಲ್ಲದೆ ತ್ರಿಕಾಲಜ್ಞಾನ.

ಲಗ್ರಾಂಜನ ಕಟ್ಟಡಕ್ಕೆ 1822ರಲ್ಲಿ ಬಿರುಕು ಕಂಡದ್ದು ಕೋಶಿಗೆ. ಒಂದನ್ನು ‘ಎಕ್ಸ್’ನ ವರ್ಗದಿಂದ ಭಾಗಿಸಿ, ಋಣಚಿಹ್ನೆ ಹಚ್ಚಿ, ‘ಇ’ ಎಂಬ ಸಂಖ್ಯೆಯ ತಲೆಯ ಮೇಲೆ ಘಾತವಾಗಿ ಕೂರಿಸಿದ; ಸೊನ್ನೆಯಲ್ಲಿ ಬೆಲೆ ಸೊನ್ನೆಯೆಂದಿಟ್ಟುಕೊಂಡ. ಅಲ್ಲಿ ಇಳಿಜಾರು ಸೊನ್ನೆ, ಬಾಗು ಸೊನ್ನೆ, ಎಷ್ಟು ಸಲ ಅವಕಲಿಸಿದರೂ ಸೊನ್ನೆ. ಟೇಲರನನ್ನು ಕೇಳಿದರೆ ರೇಖೆ ಎಂದೆಂದಿಗೂ ಮಟ್ಟಸ. ಆದರೆ ಅರ್ಧಕ್ಕೆ ಬಂದಾಗ ಅದು 0.0183, ಒಂದಕ್ಕೆ ಬಂದಾಗ 0.3679. ಅಳತೆ ಒಂದೂ ತಪ್ಪಿರಲಿಲ್ಲ. ಅಗುಳು ಸರಿಯಾಗಿಯೇ ಬೆಂದಿತ್ತು.

ಇದರಿಂದ ವಿಧಿಯಿಲ್ಲ, ಎಲ್ಲವೂ ನಮ್ಮ ಇಚ್ಛೆಯೆಂದು ಹೊರಟರೆ ಅದು ಆತುರ. ಈ ಫಲನದ ಒಂದೊಂದು ಬೆಲೆಯೂ ನಿಯಮಕ್ಕೆ ಕಟ್ಟುಬಿದ್ದದ್ದೇ. ಒಂದು ಬಿಂದುವಿನ ಪೂರ್ಣ ಜ್ಞಾನ ಪಕ್ಕದ ಬಿಂದುವಿಗೂ ಸಾಲಲಿಲ್ಲ, ಅಷ್ಟೆ.

ಟೇಲರನ ಸೂತ್ರ ಇಲ್ಲಿ ಸೋತದ್ದರ ಗುಟ್ಟು ಇರುವುದು ಸಂಖ್ಯಾರೇಖೆಯ ಆಚೆ. ಸೊನ್ನೆಯಿಂದ ರೇಖೆಯ ಮೇಲೆಯೇ 0.2 ಸರಿದರೆ ಫಲನದ ಬೆಲೆ ದಶಮಾಂಶ ಬಿಂದುವಿನ ನಂತರ ಹತ್ತು ಸೊನ್ನೆ ದಾಟಿದ ಮೇಲಷ್ಟೇ ಕಾಣುತ್ತದೆ. ಅಷ್ಟೇ ದೂರವನ್ನು ಕಾಲ್ಪನಿಕ ಸಂಖ್ಯೆಗಳ ದಿಕ್ಕಿನಲ್ಲಿ ಸರಿದರೆ ಅದು ಸುಮಾರು 7,200 ಕೋಟಿ.