ಉಗುರಿನ ಮೇಲಿನ ಊಟ

ಫೈಟರ್ ಮೀನಿನ ಇಡೀ ದಿನದ ಊಟ ನಮ್ಮ ಕಿರುಬೆರಳಿನ ಉಗುರಿನ ಮೇಲೆ ಹಿಡಿಸುತ್ತದೆ. ಬೆಳಿಗ್ಗೆ ರಾಗಿ ಗಾತ್ರದ ಎರಡೋ ಮೂರೋ ಕಾಳು, ಸಂಜೆ ಮತ್ತೆ ಅಷ್ಟೇ. ಅಕ್ವೇರಿಯಂ ಅಂಗಡಿಯಿಂದ ತಂದ ಅಂಗೈಯಗಲದ ಡಬ್ಬಿ ತಿಂಗಳುಗಟ್ಟಲೆ ಮುಗಿಯುವುದಿಲ್ಲ. ಆ ನಾಲ್ಕಾರು ಕಾಳಿನ ಬಲದಲ್ಲಿ ಮೀನು ದಿನವೆಲ್ಲ ಈಜುತ್ತದೆ, ಹರಿದ ರೆಕ್ಕೆಯನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ಕಡುನೀಲಿಯನ್ನೋ ಕುಂಕುಮಗೆಂಪನ್ನೋ ಮೈತುಂಬ ಹೊತ್ತು ತಿರುಗುತ್ತದೆ. ಎದುರಿಗೆ ಕನ್ನಡಿ ಹಿಡಿದರೆ ಕಿವಿರು ಅರಳಿಸಿಕೊಂಡು ತನ್ನ ಬಿಂಬದ ಮೇಲೇ ಏರಿ ಹೋಗುತ್ತದೆ. ಅಷ್ಟು ಬಣ್ಣ, ಅಷ್ಟು ಸಿಟ್ಟು ಇಷ್ಟು ಊಟದಲ್ಲಿ ಹೇಗೆ ಸಾಗುತ್ತದೆ ಎಂದು ಯೋಚಿಸುತ್ತ ಕೂತರೆ ಕೈಯಲ್ಲಿರುವ ಕಾಳಿನ ಮೇಲೆ ಗೌರವ ಹುಟ್ಟುತ್ತದೆ.

ಲೆಕ್ಕ ನೋಡಿದರೆ ದುಂದು ನಮ್ಮದೇ. ನಾವು ತಿಂದದ್ದರಲ್ಲಿ ದೊಡ್ಡ ಪಾಲು ಮೈಯನ್ನು ಮೂವತ್ತೇಳು ಡಿಗ್ರಿಯಲ್ಲಿ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ನಿಂತರೂ ನಡೆದರೂ ಮೈಭಾರ ಹೊರುವ ಖರ್ಚು ಬೇರೆ. ಮೀನಿಗೆ ಎರಡೂ ಇಲ್ಲ. ಅದರ ಭಾರವನ್ನು ನೀರು ಹೊರುತ್ತದೆ, ಮೈಬಿಸಿಯನ್ನೂ ನೀರೇ ಕೊಡುತ್ತದೆ. ನೀರು ಇಪ್ಪತ್ತೈದರಿಂದ ಇಪ್ಪತ್ತೆಂಟು ಡಿಗ್ರಿ ಇದ್ದರೆ ಅದರ ಜಠರ ಚುರುಕು, ನೀರು ತಣ್ಣಗಾದರೆ ಜಠರವೂ ಮಂದ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗು ಹದಿನೈದು, ಹದಿನಾರಕ್ಕೆ ಇಳಿಯುತ್ತದಲ್ಲ, ಆಗ ಹೀಟರ್ ಇಲ್ಲದ ತೊಟ್ಟಿಯ ಮೀನು ಮೂಲೆ ಹಿಡಿದು ಕೂರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಮೂರು ಕಾಳು ಆ ಚಳಿಯಲ್ಲಿ ಹೆಚ್ಚೇ ಆದೀತು. ಕಾಳಿನ ಲೆಕ್ಕವನ್ನು ಡಬ್ಬಿಯ ಮೇಲೆ ಎಷ್ಟೇ ಚೆನ್ನಾಗಿ ಅಚ್ಚು ಹಾಕಿರಲಿ, ಕೊನೆಯ ಮಾತು ನೀರಿನದು.

ಈ ಮೀನಿನ ತವರು ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆ. ಅಲ್ಲಿನವರು ಇದನ್ನು ಪ್ಲಾ ಕಟ್ ಎನ್ನುತ್ತಾರೆ. ಕಾಳಗಕ್ಕಾಗಿ ನೂರಾರು ವರ್ಷ ಸಾಕಿ, ಆರಿಸಿ, ತಳಿ ತೆಗೆದವರು ಅವರೇ. ಬ್ರಿಟಿಷ್ ಮೀನುವಿಜ್ಞಾನಿ ಚಾರ್ಲ್ಸ್ ಟೇಟ್ ರೇಗನ್ 1910ರಲ್ಲಿ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಹೆಸರು ಕೊಟ್ಟ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯ ನೀರು ಬಿಸಿ, ಆಳವಿಲ್ಲ, ಆಮ್ಲಜನಕವೂ ಕಡಿಮೆ. ಅಂಥಲ್ಲಿ ಬದುಕುವುದಕ್ಕೆಂದು ಈ ಮೀನಿಗೆ ಕಿವಿರಿನ ಮೇಲ್ಗಡೆ ಮಡಿಕೆ ಮಡಿಕೆಯಾದ ಇನ್ನೊಂದು ಉಸಿರಂಗವಿದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಹೀಗೆ ಮೇಲೆ ಬಂದು ಗಾಳಿ ಕುಡಿಯುವುದನ್ನು ಗಾಳ ಹಾಕಿ ಕೂತವರು ಬಲ್ಲರು.

ಫೈಟರ್‌ನ ಬಾಯಿಯನ್ನು ಪಕ್ಕದಿಂದ ಗಮನಿಸಿ. ಅದು ಮೇಲ್ಮೊಗ. ಕೆಳತುಟಿ ಮುಂದೆ ಚಾಚಿ, ಬಾಯಿ ಆಕಾಶಕ್ಕೆ ತೆರೆದಿದೆ. ಗದ್ದೆಯಲ್ಲಿ ಇದರ ಊಟ ಮೇಲಿನಿಂದ ಬರುತ್ತದೆ: ಭತ್ತದ ಎಲೆಯಿಂದ ಜಾರಿಬಿದ್ದ ಇರುವೆ, ನೀರಿಗೆ ತಾಗಿ ಒದ್ದಾಡುವ ನೊಣ, ಮೇಲ್ಪದರಕ್ಕೆ ಉಸಿರಾಡಲು ಬಂದ ಸೊಳ್ಳೆಯ ಮರಿಹುಳು. ಹಾಗೆ ಗಾಳಿಯೂ ಅನ್ನವೂ ನೀರಿನ ಆ ತೆಳುವಾದ ಮೇಲ್ಪದರದಲ್ಲೇ ಸಿಗುವ ಜೀವ ಇದು. ಒಂದು ಕಾಳನ್ನು ಬೆರಳ ತುದಿಯಿಂದ ಮೆಲ್ಲಗೆ ಬಿಟ್ಟರೆ ಮೀನು ಒಡನೆ ನುಗ್ಗುವುದಿಲ್ಲ. ಒಂದು ಅಂಗುಲ ದೂರದಲ್ಲಿ ನಿಲ್ಲುತ್ತದೆ, ಮೈಯನ್ನು ತುಸು ಬಾಗಿಸುತ್ತದೆ, ಎರಡೂ ಕಣ್ಣು ಮುಂದಕ್ಕೆ ಹೊರಳಿ ಕಾಳಿನ ಮೇಲೆ ನೆಡುತ್ತವೆ. ಮರುಗಳಿಗೆ ಚಟಕ್ಕನೆ ಒಂದು ಸದ್ದು, ಕಾಳಿಲ್ಲ. ಅಷ್ಟರಲ್ಲೇ ಮುಗಿಯಿತೆಂದಲ್ಲ. ಕಾಳನ್ನು ಉಗುಳುತ್ತದೆ, ಮತ್ತೆ ಹಿಡಿಯುತ್ತದೆ, ದವಡೆಯಾಡಿಸಿ ಮೆದು ಮಾಡಿಕೊಂಡು ನುಂಗುತ್ತದೆ. ಮುಗಿದ ಮೇಲೆ ತಿರುಗಿ ಗಾಜಿನ ಹತ್ತಿರ ಬಂದು, ಮೈಯೆಲ್ಲ ಬಳುಕಿಸುತ್ತ ಮತ್ತೆ ಕೇಳುತ್ತದೆ.

ಆ ಕೇಳುವಿಕೆಯೇ ಸಾಕಿದವರನ್ನು ಸೋಲಿಸುವುದು. ಊರಿನಿಂದ ಬಂದಿದ್ದ ನಮ್ಮಮ್ಮ ತೊಟ್ಟಿಯ ಪಕ್ಕ ನಿಂತು ನಾನು ಕಾಳು ಹಾಕುವುದನ್ನು ನೋಡಿದರು.

“ಇಷ್ಟೇನಾ ಅದಕ್ಕೆ? ಕೇಳ್ತಾ ಇದೆಯಲ್ಲೋ ಪಾಪ, ಇನ್ನೊಂದೆರಡು ಹಾಕಬಾರದಾ?”

“ಹೊಟ್ಟೆ ತುಂಬಿದೆಯಮ್ಮಾ. ನಾಳೆ ಇಷ್ಟೂ ಇಲ್ಲ, ನಾಳೆ ಅದಕ್ಕೆ ಉಪವಾಸ.”

“ಅದಕ್ಕೂ ಏಕಾದಶಿನಾ?” ಎಂದು ನಕ್ಕರು. ನಕ್ಕರೂ, ತಟ್ಟೆ ಖಾಲಿ ಕಂಡರೆ ಕೈ ತಡೆಯದ ಜೀವ ಅವರದು. ಸಂಜೆಯವರೆಗೆ ತೊಟ್ಟಿಯ ಕಡೆ ನೋಡುತ್ತ ಓಡಾಡಿದರು.

ಮೀನು ಸುಳ್ಳು ಹೇಳುತ್ತಿರಲಿಲ್ಲ, ಅಮ್ಮನೂ ತಪ್ಪು ಓದಿರಲಿಲ್ಲ. ಅದು ನಿಜಕ್ಕೂ ಕೇಳುತ್ತಿತ್ತು. ಗಾಜಿನಾಚೆ ಆಕಾರವೊಂದು ಬಂದು ನಿಂತರೆ ಊಟ ಬೀಳುತ್ತದೆ ಎಂಬುದನ್ನು ಅದು ಬೇಗ ಕಲಿಯುತ್ತದೆ. ಆಮೇಲೆ ಹಸಿದಿರಲಿ ಬಿಡಲಿ, ಆಕಾರ ಕಂಡೊಡನೆ ಬಳುಕುತ್ತದೆ. ಹೊಟ್ಟೆ ತುಂಬಿದ ಮೇಲೂ ಕೊಟ್ಟರೆ ತಿನ್ನುತ್ತದೆ. ಗದ್ದೆಯಲ್ಲಿ ಸಾಕು ಎನ್ನುವ ಪ್ರಸಂಗ ಅಪರೂಪ. ಇವತ್ತು ಇರುವೆ ಬಿತ್ತು, ನಾಳೆ ಬೀಳದಿರಬಹುದು. ಬಿದ್ದಾಗ ತಿಂದದ್ದೇ ಉಳಿದುಕೊಂಡಿತು, ಅದರ ವಂಶವೇ ನಮ್ಮ ತೊಟ್ಟಿಯವರೆಗೆ ಬಂತು. ಅತಿಯಾಗದಂತೆ ತಡೆಯುವ ಕೆಲಸವನ್ನು ಗದ್ದೆಯ ಕೊರತೆಯೇ ಮಾಡುತ್ತಿದ್ದುದರಿಂದ ಅದಕ್ಕಾಗಿ ಮೀನಿನೊಳಗೆ ಬೇರೆ ಏರ್ಪಾಡು ಬೇಕಾಗಲಿಲ್ಲ. ನಾವು ಮೀನನ್ನು ಮನೆಗೆ ತಂದೆವು, ಗದ್ದೆಯನ್ನು ತರಲಿಲ್ಲ. ಗದ್ದೆ ಮಾಡುತ್ತಿದ್ದ ಆ ಕೆಲಸ ಈಗ ನಮ್ಮ ಎರಡು ಬೆರಳಿಗೆ ಬಂದಿದೆ. ಮಳೆ, ಬರ, ಸುಗ್ಗಿ ಎಲ್ಲ ಆ ಮೀನಿನ ಪಾಲಿಗೆ ನಾವೇ. ಹೀಗೆ ಯೋಚಿಸಿದಾಗೆಲ್ಲ ನನಗೆ ಬೆರಗಿನ ಜತೆ ಸ್ವಲ್ಪ ದಿಗಿಲೂ ಆಗುತ್ತದೆ.

ದಿಗಿಲಿಗೆ ಕಾರಣ ಉಂಟು. ಇದರ ಜಠರ ಹೆಚ್ಚುಕಮ್ಮಿ ಅದರ ಕಣ್ಣಿನಷ್ಟೇ ದೊಡ್ಡದು ಎಂದು ಸಾಕುವವರು ಹೇಳುತ್ತಾರೆ. ಅಳತೆಗೋಲಿಟ್ಟು ನೋಡಿದ ಮಾತಲ್ಲ, ಆದರೆ ಕೈ ಹಿಡಿತದಲ್ಲಿಡಲು ಒಳ್ಳೆಯ ಮಾತು. ಹುಳುಹುಪ್ಪಟೆ ತಿನ್ನುವ ಪ್ರಾಣಿಯಾದ್ದರಿಂದ ಕರುಳು ಚಿಕ್ಕದು. ಒಣಗಿದ ಕಾಳು ನೀರು ಕುಡಿದು ಉಬ್ಬುತ್ತದೆ. ಹಾಕುವ ಮೊದಲು ತೊಟ್ಟಿಯದೇ ಒಂದು ಚಮಚ ನೀರಿನಲ್ಲಿ ನೆನೆಸುವುದು ಅದಕ್ಕಾಗಿ. ಅತಿಯಾಗಿ ತಿಂದ ಮೀನಿನ ಹೊಟ್ಟೆ ಗುಂಡಗಾಗಿ ಮಲ ಕಟ್ಟುತ್ತದೆ. ಉಬ್ಬಿದ ಹೊಟ್ಟೆ ಮೇಲಿನ ಗಾಳಿಚೀಲವನ್ನು ಒತ್ತಿದರೆ ಸಮತೋಲ ಹೋಗಿ ಮೀನು ವಾಲಿಕೊಂಡು ತೇಲುತ್ತದೆ, ಇಲ್ಲವೇ ತಳಕ್ಕೆ ಕೂರುತ್ತದೆ. ವಾರಕ್ಕೊಂದು ದಿನ ಏನೂ ಹಾಕದೆ ಬಿಡುವುದು ಕರುಳಿಗೆ ಬಿಡುವು ಕೊಡಲಿಕ್ಕೆ. ಉಳಿದ ದಿನಗಳಲ್ಲಿ ಒಂದೆರಡು ಸಲ ಕಾಳಿನ ಬದಲು ಡಾಫ್ನಿಯಾ, ಆರ್ಟೀಮಿಯಾ, ಬ್ಲಡ್‌ವರ್ಮ್‌ನಂಥ ಪುಟ್ಟ ಜಲಜೀವಿಗಳನ್ನು ಕೊಟ್ಟರೆ ಗದ್ದೆಯ ರುಚಿ ಅದಕ್ಕೆ ಮರಳಿ ಸಿಕ್ಕಂತೆ. ಬೆಳೆಯುವ ಮರಿಗಳ ಲೆಕ್ಕವೇ ಬೇರೆ. ಅವಕ್ಕೆ ಚೂರು ಚೂರಾಗಿ ದಿನಕ್ಕೆ ಹಲವು ಸಲ ಬೇಕು.

ತೊಟ್ಟಿಯಲ್ಲಿ ಉಣ್ಣುವುದು ಮೀನೊಂದೇ ಎಂದುಕೊಂಡಿರುತ್ತೇವೆ. ನಾವು ಹಾಕಿದ್ದನ್ನು ಇನ್ನೂ ಇಬ್ಬರು ತಿನ್ನುತ್ತಾರೆ. ಮೀನು ತಿಂದು ಕಿವಿರಿನಿಂದ ಹೊರಬಿಡುವುದು ಅಮೋನಿಯಾ. ತಿನ್ನದೆ ತಳ ಸೇರಿದ ಕಾಳು ಕೊಳೆತರೂ ಅಮೋನಿಯಾ. ಅದು ಮೀನಿನ ಕಿವಿರನ್ನು ಸುಡುವ ವಿಷ. ಆ ವಿಷವನ್ನೇ ಊಟ ಮಾಡಿಕೊಂಡು ತೊಟ್ಟಿಯ ಕಲ್ಲು, ಮರಳು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಬದುಕುತ್ತವೆ. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಜಲಸಸ್ಯ ಉಣ್ಣುತ್ತದೆ. ಬೆಳಕಿಲ್ಲದೆ, ಸಕ್ಕರೆಯಿಲ್ಲದೆ ಬರೀ ಅಮೋನಿಯಾದಿಂದ ಜೀವಿಸುವ ಈ ಜೀವಿಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವನು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಗದ್ದೆಯ ಮಣ್ಣಲ್ಲೂ ಇದೇ ಕೆಲಸ ನಡೆಯುತ್ತದೆ. ಗದ್ದೆಯನ್ನು ತರಲಿಲ್ಲ ಎಂದೆನಲ್ಲ, ಅದರ ಒಂದು ತುಣುಕು ಹೇಗೋ ನಮಗೆ ಹೇಳದೆ ಕೇಳದೆ ತೊಟ್ಟಿಗೆ ಬಂದು ಸೇರಿಕೊಂಡಿದೆ. ಆದರೆ ಅದಕ್ಕೆ ವಾರಗಟ್ಟಲೆ ಸಮಯ ಬೇಕು, ಜಾಗ ಬೇಕು. ಅಂಗಡಿಯ ಕಪ್ಪಿನಲ್ಲಿ, ಮೇಜಿನ ಮೇಲಿನ ಚಿಕ್ಕ ಗಾಜಿನ ಬೋಗುಣಿಯಲ್ಲಿ ಈ ಪಂಕ್ತಿ ಕೂರುವುದಿಲ್ಲ. ಅಲ್ಲಿ ಹೆಚ್ಚಿಗೆ ಬಿದ್ದ ಒಂದೊಂದು ಕಾಳೂ ನೇರವಾಗಿ ಮೀನಿನ ಉಸಿರಿಗೇ ಬರುತ್ತದೆ. ನಾಲ್ಕೈದು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಬೇಕು ಎನ್ನುವುದು ಇದಕ್ಕೇ.

ಸಾಕು ಎಂಬುದು ಈ ಮೀನಿಗೆ ಗೊತ್ತೇ ಇಲ್ಲ ಎಂದು ನಿರ್ಧರಿಸುವ ಹೊತ್ತಿಗೆ ಗಂಡುಮೀನು ಗೂಡು ಕಟ್ಟುತ್ತದೆ. ಬಾಯಿಂದ ಒಂದೊಂದೇ ಗುಳ್ಳೆ ಬಿಟ್ಟು ನೀರ ಮೇಲೆ ನೊರೆಯ ಚಪ್ಪರ ಹಾಕುತ್ತದೆ. ಹೆಣ್ಣು ಮೊಟ್ಟೆಯಿಟ್ಟಾಗ ಅವು ತಳಕ್ಕೆ ಇಳಿಯುತ್ತವೆ. ಗಂಡು ಹಿಂದೆಯೇ ಹೋಗಿ ಒಂದೊಂದನ್ನೂ ಬಾಯಲ್ಲಿ ಎತ್ತಿಕೊಂಡು ಬಂದು ಗುಳ್ಳೆಗಳ ನಡುವೆ ಇಡುತ್ತದೆ. ಬಿಳಿಯ ಆ ಮೊಟ್ಟೆ ನಾವು ಹಾಕುವ ಕಾಳಿನಷ್ಟೇ ಚಿಕ್ಕದು, ಮೆತ್ತಗಿನದು, ಪೌಷ್ಟಿಕವಾದದ್ದು. ಅದೇ ಬಾಯಿ, ಅದೇ ದವಡೆ. ನುಂಗುವುದಿಲ್ಲ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಮರಿಗಳು ಬಾಲ ಕೆಳಗಾಗಿ ಗುಳ್ಳೆಗೆ ಜೋತುಬೀಳುತ್ತವೆ, ಜಾರಿ ಬೀಳುತ್ತವೆ. ಅಪ್ಪ ಮತ್ತೆ ಬಾಯಲ್ಲೇ ಎತ್ತಿ ಮೇಲಿಡುತ್ತದೆ. ಆ ದಿನಗಳಲ್ಲಿ ಕಾಳು ಹಾಕಿದರೂ ಎಷ್ಟೋ ಗಂಡುಗಳು ಅತ್ತ ತಿರುಗುವುದಿಲ್ಲ. ಎಲ್ಲವೂ ಹೀಗೆ ಎನ್ನಲಾಗದು, ಮೊಟ್ಟೆ ತಿಂದುಬಿಡುವ ಗಂಡೂ ಉಂಟು. ಮರಿಗಳು ಅಡ್ಡಡ್ಡ ಈಜತೊಡಗಿದ ಮೇಲೆ ಸಾಕುವವರು ಅಪ್ಪನನ್ನು ಬೇರೆ ತೊಟ್ಟಿಗೆ ಹಾಕುವುದು, ಇನ್ನು ಅದರ ಬಾಯಿಯನ್ನು ನಂಬುವ ಹಾಗಿಲ್ಲ ಎಂದೇ.

ಹಾಗಾದರೆ ಆ ಬಾಯಿಗೂ ತಡೆಯಿದೆ. ನಮ್ಮ ಕಾಳಿನ ಮುಂದೆ ಬಾರದ್ದು ಮೊಟ್ಟೆಯ ಮುಂದೆ ಬರುತ್ತದೆ. ಹಾರ್ಮೋನು ಎಂದು ಅದಕ್ಕೆ ಕಾರಣ ಕೊಡಬಹುದು, ಕಾರಣ ಸರಿಯೂ ಇದ್ದೀತು. ಆದರೆ ಹಸಿದ ಬಾಯಿ ತುತ್ತಿನಷ್ಟೇ ಇರುವ ಮೊಟ್ಟೆಯನ್ನು ಹಲ್ಲು ತಾಗಿಸದೆ ಹೊತ್ತು ತರುವುದನ್ನು ಕಣ್ಣಾರೆ ನೋಡಿದವರಿಗೆ ಕಾರಣ ತಿಳಿದ ಮಾತ್ರಕ್ಕೆ ಬೆರಗು ಕಡಿಮೆಯಾಗುವುದಿಲ್ಲ. ತನ್ನ ಮರಿಗಾಗಿ ಮೀನು ನಾಲ್ಕು ದಿನ ಬಾಯಿ ಕಟ್ಟಬಲ್ಲದಾದರೆ, ಮೀನಿಗಾಗಿ ನಾವು ಕೈ ಕಟ್ಟಲಾರೆವೆ?

ಊರಿಗೆ ಹೊರಡುವಾಗ ಮೀನಿನ ಚಿಂತೆ ಎಲ್ಲರಿಗೂ. ಆರೋಗ್ಯವಾಗಿರುವ ದೊಡ್ಡ ಫೈಟರ್ ಮೂರು ನಾಲ್ಕು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು ಹೋದರೆ ಅವರು ಅಕ್ಕರೆಯಿಂದ ಹಾಕುವ ಚಿಟಿಕೆಯೇ ಅಪಾಯ. ಹೆಚ್ಚು ದಿನ ಹೋಗುವುದಿದ್ದರೆ ಹೊತ್ತು ಹೊತ್ತಿನ ಕಾಳನ್ನು ಎಣಿಸಿ ಬೇರೆ ಬೇರೆ ಪೊಟ್ಟಣ ಕಟ್ಟಿಕೊಡಿ, ಡಬ್ಬಿಯನ್ನು ಬಚ್ಚಿಡಿ.

ಮನೆಯಲ್ಲಿದ್ದಾಗ ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಎರಡು ಮೂರು ಕಾಳು, ವಾರಕ್ಕೊಂದು ದಿನ ಬಿಡುವು. ಅಷ್ಟಾದ ಮೇಲೂ ಅದು ಗಾಜಿನ ಹತ್ತಿರ ಬಂದು ಬಳುಕಿದಾಗ ಇನ್ನೂ ಏನಾದರೂ ಕೊಡಬೇಕೆನ್ನಿಸಿದರೆ ತೊಟ್ಟಿಯ ಕಾಲು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿನ, ಕ್ಲೋರಿನ್ ಕಳೆದ ಹೊಸ ನೀರು ತುಂಬಿ. ಅದು ಕೇಳದೆ ಇರುವುದು, ಅದಕ್ಕೆ ಬೇಕಾದದ್ದು ಅದೇ.