ಇಂದಿನ ಚಿಂತನೆ: ಕೇಳದಿದ್ದರೂ ಹೇಳಬೇಕೆ?



ಗೋಕಾಕ, ಮೂಡಲಗಿ, ಹುಕ್ಕೇರಿ ಓಡಾಟಕ್ಕೆ ನಾನು ಒಂದು ವರ್ಷ ಓಡಿಸಿದ ಎಲೆಕ್ಟ್ರಿಕ್ ಕಾರು ಹುಡುಕುತ್ತಿದ್ದೇನೆ. ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ಹೇಳುತ್ತದೆ. ಬ್ಯಾಟರಿಯ ಕಸುವು ಎಷ್ಟು ಉಳಿದಿದೆ ಎಂಬುದು ಸಾಮಾನ್ಯವಾಗಿ ಸ್ಕ್ಯಾನರ್ ಹಾಕಿದರೇ ತಿಳಿಯುವುದು.

ಅದು ಕುಗ್ಗಿದ್ದು ಗೊತ್ತಿದ್ದೂ ಡೀಲರ್ ಸುಮ್ಮನಿದ್ದು, ‘ನೀವು ಕೇಳಲಿಲ್ಲವಲ್ಲ’ ಎಂದರೆ? ಅವರು ಸುಳ್ಳಾಡಿಲ್ಲ, ನಾಲ್ಕನೇ ಶೀಲ ಮುರಿದಿಲ್ಲ ಎನ್ನಬಹುದು. ಆದರೆ ತಿಳಿದಿದ್ದರೆ ನಾನು ಕೊಡದಿದ್ದ ಹಣವನ್ನು ಅವರು ತೆಗೆದುಕೊಂಡರು. ಕೊಡದದ್ದನ್ನು ತೆಗೆದುಕೊಳ್ಳಬಾರದು ಎಂಬುದೇ ಎರಡನೇ ಶೀಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕಳವು ಬಿಡುವುದು, ಸುಳ್ಳು ಬಿಡುವುದು ಬೇರೆಬೇರೆಯಾಗಿಯೇ ಇವೆ.

ಪರೀಕ್ಷಿಸಿ ಕೊಳ್ಳುವುದು ನನ್ನ ಜಾಣತನ. ನಾಳೆ ಅದೇ ಕಾರು ಮಾರುವಾಗ ಕೇಳದವರಿಗೂ ಹೇಳುವುದು ನನ್ನ ಶೀಲ.

ಭವತು ಸಬ್ಬ ಮಂಗಲಂ.